ಸಾರಟೋಗಾಗೂ ನಮ್ಮ ನಗರದ ಕೋಟೆಗೂ ಏನು ಸಂಬಂಧ?

(ಶಿವಮೊಗ್ಗದಲ್ಲಿ ಒಂದು ಸಂಜೆ ಮಾತಾಡಿದ್ದು ಇದು. ಬರೆದು ಕೊಡಿ ಅಂತ ತುಂಬಾ ಜನ ಕೇಳಿದ್ರು, ಅದಕ್ಕೆ ಮಾತಾಡಿದ ಧಾಟೀಲೇ ಬರೆದಿದೀನಿ, ಕೊನೇಲಿ ಬಂದ ಒಂದು ಪ್ರಶ್ನೇನೂ ಸೇರಿಸಿದೀನಿ.)

ಎಲ್ಲರಿಗೂ ನಮಸ್ಕಾರ. ಈ ಮಳೇಲೂ ಇಷ್ಟು ಜನ ಬಂದಿದೀರ, ಹೊಸನಗರ ಸಾಗರದ ಕಡೆಯಿಂದ ಬಸ್ ಹಿಡ್ಕೊಂಡು ಬಂದವರೂ ಇದೀರ, ಹಾಗಾಗಿ ಪೀಠಿಕೆ ಎಲ್ಲ ಬೇಡ, ಸೀದಾ ಹುಲಿಕಲ್ ಘಾಟಿಗೆ ಹೋಗೋಣ.

ಜುಲೈ ತಿಂಗಳಲ್ಲಿ ಹುಲಿಕಲ್ ಘಾಟೀಲಿ ಒಂದು ಮರ ಅಡ್ಡ ಬಿದ್ರೆ ಏನಾಗುತ್ತೆ ಅಂತ ನಿಮಗೆ ನಾನು ಹೇಳ್ಬೇಕಾಗಿಲ್ಲ. ಕುಂದಾಪುರದ ಬಸ್ಸು ಅಲ್ಲೇ, ಲಾರಿ ಅಲ್ಲೇ, ಮಣಿಪಾಲಕ್ಕೆ ಹೊರಟ ಆಂಬುಲೆನ್ಸೂ ಅಲ್ಲೇ. ಒಂದೇ ಒಂದು ಮರಕ್ಕೆ ಈ ಕಥೆ. ಇನ್ನು ಅಂಥ ಮರ ನೂರಾರು ಬಿದ್ದಿವೆ ಅಂದ್ಕೊಳ್ಳಿ, ತಾವಾಗಿ ಬಿದ್ದಿದ್ದಲ್ಲ, ಬೇಕಂತಲೇ ಕಡಿದು ದಾರಿಯ ಎರಡೂ ಕಡೆಯಿಂದ ಕೊಂಬೆಗೆ ಕೊಂಬೆ ಸಿಕ್ಕಾಕ್ಕೊಳ್ಳೋ ಹಾಗೆ ಕೆಡವಿದ್ದು, ಜೊತೆಗೆ ಪಕ್ಕದ ಹಳ್ಳಕ್ಕೆ ಒಡ್ಡು ಕಟ್ಟಿ ನೀರು ದಾರಿಗೆ ನುಗ್ಗಿಸಿದಾರೆ, ಇದರ ಮಧ್ಯೆ ಸಾವಿರಾರು ಸೈನಿಕರು, ಫಿರಂಗಿ, ಗಾಡಿ, ಕುದುರೆ, ಎಲ್ಲ ಮುಂದೆ ಹೋಗ್ಬೇಕು. 1777ರ ಜುಲೈಲಿ ಅಮೆರಿಕದ ಹಡ್ಸನ್ ನದಿ ಕಡೆ ಕಾಡಲ್ಲಿ ಬ್ರಿಟಿಷ್ ಜನರಲ್ ಬರ್ಗಾಯ್ನ್ ಸಿಕ್ಕಾಕ್ಕೊಂಡಿದ್ದು ಹಿಂಗೆ. ಸುಮಾರು 37 ಕಿಲೋಮೀಟರ್ ದಾರಿ, ಶಿವಮೊಗ್ಗದಿಂದ ಒಂದು ಹೊತ್ತಿಗೆ ಬೈಕಲ್ಲಿ ಹೋಗಿ ಬರೋ ಅಷ್ಟು ದೂರ, ಅದಕ್ಕೆ ಅವನಿಗೆ ಸುಮಾರು ಮೂರು ವಾರ ಹಿಡೀತು. ದಾರೀಲಿ 40ಕ್ಕೂ ಹೆಚ್ಚು ಸೇತುವೆ ಕಟ್ಟಬೇಕಾಯ್ತು.

ನಾನು ಇದನ್ನ ಮೊದಲು ಹೇಳೋದಕ್ಕೆ ಕಾರಣ ಇದೆ. ನಿರ್ಣಾಯಕ ಯುದ್ಧ ಅಂದ ತಕ್ಷಣ ನಮ್ಮ ಕಣ್ಮುಂದೆ ಕತ್ತಿ ಕುದುರೆ ಧೂಳು ಬರುತ್ತೆ. ಸ್ಕೂಲಲ್ಲಿ ಹಂಗೇ ಓದಿದ್ವಿ, ಇಂಥ ಇಸವೀಲಿ ಇಂಥ ಕದನ, ಇಂಥವರು ಗೆದ್ರು, ಎರಡು ಮಾರ್ಕ್ಸ್. ಆದ್ರೆ ಒಂದು ಕದನ ಸ್ವಾತಂತ್ರ್ಯ ಯುದ್ಧವನ್ನೇ ತಿರುಗಿಸುತ್ತಲ್ಲ, ಅದು ಎಷ್ಟು ಜನ ಸತ್ರು ಅನ್ನೋದ್ರಿಂದ ಆಗೋದಲ್ಲ. ಹೊರಗೆ ನಿಂತು ನೋಡ್ತಾ ಇದ್ದ ಮೂರನೆಯವನೊಬ್ಬ ಇರ್ತಾನೆ, ಅವನು ಒಳಗೆ ಬರ್ತಾನಾ, ಬಂದವನು ಕೊನೆ ತನಕ ನಿಲ್ತಾನಾ, ಎಲ್ಲ ಅಲ್ಲಿರುತ್ತೆ. ಇವತ್ತು ಇದೊಂದನ್ನೇ ನಾನು ಹೇಳೋಕೆ ಬಂದಿರೋದು, ಅದಕ್ಕೆ ಸಾರಟೋಗಾ, ಅಂದ್ರೆ ಈ ಬರ್ಗಾಯ್ನ್ ಕೊನೆಗೆ ಸೋತು ಶರಣಾದ ಜಾಗ, ಯಾಕೆ ಅಂದ್ರೆ ಅಲ್ಲಿ ಶುರುವಾಗಿದ್ದು ಸುತ್ತಿಕೊಂಡು ನಮ್ಮ ಹೊಸನಗರ ತಾಲೂಕಿನ ನಗರ ಅನ್ನೋ ಊರಿನ ಕೋಟೆ ತನಕ ಬಂತು.

ಹಿನ್ನೆಲೆ ಬೇಗ ಹೇಳಿಬಿಡ್ತೀನಿ. 1776ರ ಜುಲೈ 4ಕ್ಕೆ ಅಮೆರಿಕದ ವಸಾಹತುಗಳು ನಾವು ಸ್ವತಂತ್ರ ಅಂತ ಘೋಷಿಸಿದ್ವು, ಆದ್ರೆ ಘೋಷಣೆ ಮಾಡೋದು ಸುಲಭ, ಆ ವರ್ಷ ಪೂರ್ತಿ ವಾಷಿಂಗ್ಟನ್ ಸೈನ್ಯ ಹೆಚ್ಚಾಗಿ ಸೋಲ್ತಾನೇ ಇತ್ತು, ನ್ಯೂಯಾರ್ಕ್ ಕೈ ಬಿಟ್ಟು ಹೋಯ್ತು. 1777ಕ್ಕೆ ಬ್ರಿಟಿಷರ ಪ್ಲಾನ್ ಏನಂದ್ರೆ ಕೆನಡಾದಿಂದ ಬರ್ಗಾಯ್ನ್ ಕೆಳಗೆ ಇಳೀತಾನೆ, ಪಶ್ಚಿಮದಿಂದ ಸೇಂಟ್ ಲೆಜರ್ ಬರ್ತಾನೆ, ನ್ಯೂಯಾರ್ಕಿಂದ ಹೋವ್ ಮೇಲೆ ಹತ್ತುತಾನೆ, ಎಲ್ಲರೂ ಆಲ್ಬನಿ ಹತ್ರ ಸೇರಿ ಹಡ್ಸನ್ ನದಿಗುಂಟ ದೇಶ ಸೀಳಿ ಎರಡು ಮಾಡೋದು. ಮ್ಯಾಪ್ ಮೇಲೆ ಚೆನ್ನಾಗಿದೆ. ಆದ್ರೆ ಹೋವ್ ಆಲ್ಬನಿ ಕಡೆ ಹೋಗ್ಲೇ ಇಲ್ಲ, ಹಡಗು ಹತ್ತಿ ಫಿಲಡೆಲ್ಫಿಯಾ ಹಿಡಿಯೋಕೆ ಹೋದ, ಹಿಡಿದ ಕೂಡ, ಸೇಂಟ್ ಲೆಜರ್ ಸ್ಟಾನ್ವಿಕ್ಸ್ ಕೋಟೆ ಮುಂದೆ ಕೂತು ಆಗಸ್ಟಲ್ಲಿ ವಾಪಸ್ ಹೋದ. ಲಂಡನ್ನಲ್ಲಿ ಕೂತ ಮಂತ್ರಿಗೂ ಕಾಡಲ್ಲಿರೋ ಜನರಲ್‌ಗೂ ಮಧ್ಯೆ ಒಂದು ಕಾಗದ ಹೋಗಿ ಬರೋಕೆ ತಿಂಗಳುಗಟ್ಟಲೆ ಆಗೋ ಕಾಲ ಅದು. ಕೊನೆಗೆ ಬರ್ಗಾಯ್ನ್ ಒಬ್ಬನೇ ಉಳಿದ.

ಆ ಮರ ಕಡಿಸಿದ್ದು ಸ್ಕೈಲರ್ ಅನ್ನೋ ಅಮೆರಿಕನ್ ಜನರಲ್. ಅವನಿಗೆ ಎದುರು ನಿಂತು ಹೊಡೆದಾಡೋ ಶಕ್ತಿ ಇರಲಿಲ್ಲ, ಕೊಡಲಿ ಇತ್ತು, ಆ ಕಾಡು ಗೊತ್ತಿದ್ದ ಜನ ಇದ್ರು. ಅವನು ತೊಗೊಂಡಿದ್ದು ಟೈಮು. ಆ ಮೂರು ವಾರದಲ್ಲಿ ಬ್ರಿಟಿಷರ ದಿನಸಿ ಕರಗ್ತಾ ಬಂತು, ಊಟ ಎಲ್ಲ ಕೆನಡಾದಿಂದ ಬರಬೇಕು, ದಾರಿ ಉದ್ದ ಆದಷ್ಟೂ ಕಷ್ಟ. ದನ, ಕುದುರೆ, ಕಾಳು ತರೋಕೆ ಅಂತ ಬರ್ಗಾಯ್ನ್ ಒಂದು ತುಕಡಿ ಕಳಿಸಿದ, ಅದ್ರಲ್ಲಿ ಹೆಚ್ಚಿನವರು ಬಾಡಿಗೆಗೆ ತಂದ ಜರ್ಮನ್ ಸಿಪಾಯಿಗಳು. ಆಗಸ್ಟ್ 16ಕ್ಕೆ ಬೆನಿಂಗ್ಟನ್ ಹತ್ರ ಊರಿನ ರೈತರ ಪಡೆ ಅವರನ್ನ ಸುತ್ತಿಹಾಕಿ ಹೊಡೀತು, ಸತ್ತವರು ಸೆರೆ ಸಿಕ್ಕವರು ಸೇರಿ ಹತ್ತಿರ ಹತ್ತಿರ ಸಾವಿರ ಜನ ಒಂದೇ ದಿನದಲ್ಲಿ ಕಳೆದುಹೋದ್ರು. ಆದ್ರೆ ಸ್ಕೈಲರ್‌ಗೆ ಸಿಕ್ಕಿದ್ದೇನು? ಹಿಂದೆ ಹಿಂದೆ ಸರೀತಾನೆ ಅಂತ ಹೇಳಿ ಅವನನ್ನ ತೆಗೆದು ಗೇಟ್ಸ್ ಅನ್ನೋನ ಕೈಗೆ ಸೈನ್ಯ ಕೊಟ್ರು, ಗೆಲುವಿನ ಹೆಸರು ಗೇಟ್ಸ್‌ಗೇ ಹೋಯ್ತು. ನನಗೆ ಇದು ಓದಿದಾಗೆಲ್ಲ ಬೇಜಾರಾಗುತ್ತೆ. ಸ್ಕೈಲರ್ ಹೆಸರಾದ್ರೂ ಉಳೀತು, ಕೊಡಲಿ ಹಿಡಿದ ಕೈಗಳಿಗೆ ಅದೂ ಇಲ್ಲ.

ಕದನದ ವಿಷಯ ನಾನು ಜಾಸ್ತಿ ಎಳೆಯಲ್ಲ. ನದಿ ಪಕ್ಕದ ಬೀಮಿಸ್ ಹೈಟ್ಸ್ ಅನ್ನೋ ದಿಣ್ಣೆ ಮೇಲೆ ಕೊಷ್ಚುಷ್ಕೊ ಅನ್ನೋ ಪೋಲೆಂಡಿನ ಇಂಜಿನಿಯರ್ ಕೋಟೆ ಥರ ಕಟ್ಟೆ ಹಾಕಿಸಿದ್ದ. ಸೆಪ್ಟೆಂಬರ್ 19ಕ್ಕೆ ಒಂದು ಕಾಳಗ ಆಯ್ತು, ಅಕ್ಟೋಬರ್ 7ಕ್ಕೆ ಇನ್ನೊಂದು. ಮೊದಲನೇದ್ರಲ್ಲಿ ಮೈದಾನ ಬ್ರಿಟಿಷರ ಕೈಲೇ ಉಳೀತು ಆದ್ರೆ ಸುಮಾರು 600 ಜನ ಹೋದ್ರು, ಅವರ ಜಾಗಕ್ಕೆ ಇನ್ನೊಬ್ಬ ಬರೋ ಹಾಗಿಲ್ಲ, ಅಮೆರಿಕದವರ ಕಡೆ ದಿನಾ ಅಕ್ಕಪಕ್ಕದ ಹಳ್ಳಿಯವರು ಬಂದೂಕು ಹೆಗಲಿಗೆ ಹಾಕ್ಕೊಂಡು ಬಂದು ಸೇರ್ತಾ ಇದ್ರು. ಎರಡನೇದ್ರಲ್ಲಿ ಬೆನೆಡಿಕ್ಟ್ ಆರ್ನಾಲ್ಡ್ ಅನ್ನೋನು ಹುಚ್ಚು ಧೈರ್ಯದಲ್ಲಿ ನುಗ್ಗಿ ಕಾಲು ಮುರಿಸಿಕೊಂಡ, ಅವನೇ ಮುಂದೆ 1780ರಲ್ಲಿ ಬ್ರಿಟಿಷರ ಕಡೆ ಸೇರಿ ದ್ರೋಹಿ ಅನ್ನಿಸಿಕೊಂಡ. ಇವತ್ತೂ ಸಾರಟೋಗಾದಲ್ಲಿ ಅವನ ಕಾಲಿನ ಬೂಟಿಗೆ ಒಂದು ಸ್ಮಾರಕ ಇದೆ, ಹೆಸರು ಮಾತ್ರ ಕೆತ್ತಿಲ್ಲ. ಅಕ್ಟೋಬರ್ 17ಕ್ಕೆ ಬರ್ಗಾಯ್ನ್ ಶರಣಾದ, 5,800 ಚಿಲ್ಲರೆ ಜನ ಆಯುಧ ಕೆಳಗಿಟ್ರು.

ಇಲ್ಲಿಗೆ ಯುದ್ಧ ಮುಗೀತಾ ಅಂದ್ರೆ ಇಲ್ಲ ಮಾರಾಯ್ರೆ! ಇನ್ನೂ ನಾಲ್ಕು ವರ್ಷ ನಡೀತು. ನ್ಯೂಯಾರ್ಕ್ ಬ್ರಿಟಿಷರ ಕೈಲೇ ಇತ್ತು, ಫಿಲಡೆಲ್ಫಿಯಾ ಆಗ ತಾನೇ ಹಿಡಿದಿದ್ರು, ಆ ಚಳಿಗಾಲ ವಾಷಿಂಗ್ಟನ್ ಸೈನ್ಯ ವ್ಯಾಲಿ ಫೋರ್ಜ್ ಅನ್ನೋ ಜಾಗದಲ್ಲಿ ಬೂಟಿಲ್ಲದೆ ಊಟ ಇಲ್ಲದೆ ಸುಮಾರು 2,000 ಜನರನ್ನ ಬರೀ ಕಾಯಿಲೆಗೇ ಕಳಕೊಳ್ತು. ನೆಲದ ಲೆಕ್ಕ ನೋಡಿದ್ರೆ ಸಾರಟೋಗಾದಿಂದ ಅಂಥದ್ದೇನೂ ಬದಲಾಗ್ಲಿಲ್ಲ. ಬದಲಾಗಿದ್ದು ಪ್ಯಾರಿಸ್‌ನಲ್ಲಿ.

ಫ್ರಾನ್ಸಿಗೆ 1763ರಲ್ಲಿ ಬ್ರಿಟಿಷರಿಗೆ ಸೋತ ಗಾಯ ಇನ್ನೂ ಮಾಗಿರಲಿಲ್ಲ, ಕೆನಡಾ ಹೋಗಿತ್ತು, ಇಂಡಿಯಾದಲ್ಲೂ ಪಾಂಡಿಚೇರಿ ಮಾಹೆ ಥರ ಅಲ್ಲೊಂದು ಇಲ್ಲೊಂದು ಊರು ಬಿಟ್ರೆ ಏನೂ ಉಳಿದಿರಲಿಲ್ಲ. ಬ್ರಿಟಿಷರ ಮೇಲೆ ಸೇಡು ತೀರಿಸ್ಕೋಬೇಕು ಅಂತ ಇತ್ತು, ಆದ್ರೆ ಸೋಲೋ ಕುದುರೆ ಮೇಲೆ ಯಾರು ದುಡ್ಡು ಕಟ್ತಾರೆ? ಅದಕ್ಕೆ ಒಂದು ಬೇನಾಮಿ ಕಂಪನಿ ಮಾಡ್ಕೊಂಡು ಬಂದೂಕು ಮದ್ದು ಕದ್ದುಮುಚ್ಚಿ ಕಳಿಸ್ತಿದ್ರು, ಬಹಿರಂಗವಾಗಿ ಮಾತ್ರ ನಮಗೇನೂ ಗೊತ್ತಿಲ್ಲ ಅಂತ ಕೂತಿದ್ರು. ಅಮೆರಿಕದ ಪರವಾಗಿ ಬೆಂಜಮಿನ್ ಫ್ರಾಂಕ್ಲಿನ್ ಪ್ಯಾರಿಸಲ್ಲಿ ಒಂದು ವರ್ಷದಿಂದ ಬಾಗಿಲು ಬಡೀತಾನೇ ಇದ್ದ. 1777ರ ಡಿಸೆಂಬರ್ 4ಕ್ಕೆ ಸಾರಟೋಗಾ ಸುದ್ದಿ ಅಲ್ಲಿಗೆ ಮುಟ್ತು. ಫ್ರೆಂಚರಿಗೆ ಎರಡು ವಿಷಯ ಒಟ್ಟಿಗೆ ಹೊಳೀತು, ಒಂದು ಈ ಜನ ಗೆಲ್ಲಬಹುದು ಅಂತ, ಇನ್ನೊಂದು ಈಗ ನಾವು ಕೈ ಹಿಡೀಲಿಲ್ಲ ಅಂದ್ರೆ ಬ್ರಿಟಿಷರೇ ಏನಾದ್ರೂ ಕೊಟ್ಟು ರಾಜಿ ಮಾಡ್ಕೊಂಡುಬಿಡ್ತಾರೆ ಅಂತ. ಫ್ರಾಂಕ್ಲಿನ್ ಆ ಎರಡನೇ ಭಯವನ್ನ ಚೆನ್ನಾಗಿ ಬಳಸ್ಕೊಂಡ. 1778ರ ಫೆಬ್ರವರಿ 6ಕ್ಕೆ ಒಪ್ಪಂದಕ್ಕೆ ಸಹಿ ಬಿತ್ತು. ಮುಂದಿನ ವರ್ಷ ಸ್ಪೇನ್ ಯುದ್ಧಕ್ಕೆ ಇಳೀತು, 1780ರ ಕೊನೆಗೆ ಡಚ್ಚರ ಮೇಲೂ ಬ್ರಿಟನ್ ಯುದ್ಧ ಸಾರ್ತು. ಒಂದು ಮೂಲೆಯ ಕಾಡಿನ ದಂಗೆ ಅಂತಿದ್ದದ್ದು ಲೋಕದ ಯುದ್ಧ ಆಗಿಹೋಯ್ತು.

ಈಗ ನಮ್ಮ ಕಡೆ ಬರ್ತೀನಿ.

ಫ್ರಾನ್ಸಿಗೂ ಬ್ರಿಟನ್ನಿಗೂ ಯುದ್ಧ ಅಂದ ಮೇಲೆ ಇಂಡಿಯಾದಲ್ಲಿ ಈಸ್ಟ್ ಇಂಡಿಯಾ ಕಂಪನಿ ಸುಮ್ನೆ ಕೂರುತ್ತಾ? 1778ರ ಅಕ್ಟೋಬರಲ್ಲಿ ಪಾಂಡಿಚೇರಿ ಹಿಡಿದ್ರು, 1779ರ ಮಾರ್ಚಲ್ಲಿ ಮಾಹೆ ಹಿಡಿದ್ರು. ಮಾಹೆ ಪುಟ್ಟ ಊರು, ಆದ್ರೆ ಹೈದರಾಲಿಗೆ ಫ್ರೆಂಚ್ ಬಂದೂಕು, ಸಾಮಾನು ಬರ್ತಿದ್ದ ಬಾಗಿಲೇ ಅದು, ಅದು ನನ್ನ ರಕ್ಷಣೇಲಿದೆ ಮುಟ್ಟಬೇಡಿ ಅಂತ ಅವನು ಮೊದಲೇ ಹೇಳಿದ್ದ. ಮುಟ್ಟಿದ್ರು. ಇನ್ನೂ ಬೇರೆ ಕಾರಣಗಳೂ ಇದ್ವು, ಹಳೇ ಒಪ್ಪಂದದ ಪ್ರಕಾರ ಕಂಪನಿಯವರು ಮರಾಠರ ವಿರುದ್ಧ ಸಹಾಯಕ್ಕೆ ಬರ್ಲಿಲ್ಲ ಅನ್ನೋ ಸಿಟ್ಟಿತ್ತು, ಆದ್ರೆ ಮಾಹೆ ಕೊನೇ ಕಡ್ಡಿ. 1780ರ ಜುಲೈಲಿ ಹೈದರಾಲಿ ದೊಡ್ಡ ಸೈನ್ಯ ಕಟ್ಕೊಂಡು ಘಟ್ಟ ಇಳಿದು ಆರ್ಕಾಟ್ ಸೀಮೆಗೆ ನುಗ್ಗಿದ. ಅಂದ್ರೆ ನೋಡಿ, ಹಡ್ಸನ್ ಪಕ್ಕದ ಒಂದು ದಿಣ್ಣೆ ಮೇಲೆ ಆದ ಜಗಳ, ಪ್ಯಾರಿಸಲ್ಲಿ ಒಂದು ಸಹಿ, ಪಾಂಡಿಚೇರಿ, ಮಾಹೆ, ಆಮೇಲೆ ಶ್ರೀರಂಗಪಟ್ಟಣ. ಮೂರು ವರ್ಷಕ್ಕೆ ಅಲೆ ಇಲ್ಲಿಗೆ ಬಂದಿತ್ತು.

1780ರ ಸೆಪ್ಟೆಂಬರ್ 10, ಕಂಚಿ ಹತ್ರ ಪೊಲ್ಲಿಲೂರು. ಶ್ರೀರಂಗಪಟ್ಟಣದ ದರಿಯಾ ದೌಲತ್ ಗೋಡೆ ಮೇಲೆ ಆ ಚಿತ್ರ ಇದೆಯಲ್ಲ, ಮಧ್ಯದಲ್ಲಿ ಪಲ್ಲಕ್ಕೀಲಿ ಕೂತ ಇಂಗ್ಲಿಷ್ ಅಧಿಕಾರಿ, ಸ್ಫೋಟ ಆಗ್ತಿರೋ ಮದ್ದಿನ ಬಂಡಿ, ಸ್ಕೂಲ್ ಟೂರಲ್ಲಿ ನೋಡಿರ್ತೀರ, ಅದೇ ಕದನ. ಬೇಲಿ ಅನ್ನೋ ಕಂಪನಿ ಕರ್ನಲ್‌ನ ಪಡೆ ಪೂರ್ತಿ ನಾಶ ಆಯ್ತು, ಪಕ್ಕದಲ್ಲೇ ಇದ್ದ ಜನರಲ್ ಮನ್ರೋ ತನ್ನ ದೊಡ್ಡ ಫಿರಂಗಿಗಳನ್ನ ಕೆರೆಗೆ ಎಸೆದು ಮದ್ರಾಸಿಗೆ ಓಡಿದ. ಅಷ್ಟೊತ್ತಿಗೆ ಕಂಪನಿ ಇಂಡಿಯಾದಲ್ಲಿ ಅಂಥ ಸೋಲು ಕಂಡಿರಲಿಲ್ಲ.

ಹಂಗಾದ್ರೆ ಪೊಲ್ಲಿಲೂರು ಯಾಕೆ ಸಾರಟೋಗಾ ಆಗ್ಲಿಲ್ಲ? ಇದಕ್ಕೆ ಉತ್ತರ 1781ನೇ ಇಸವೀಲಿದೆ, ನಾನು ಎಷ್ಟೋ ವರ್ಷದಿಂದ ಇದನ್ನ ತಲೇಲಿ ಇಟ್ಕೊಂಡು ಓಡಾಡ್ತಿದೀನಿ, ದಯವಿಟ್ಟು ಗಮನ ಕೊಟ್ಟು ಕೇಳಿ.

1781ರ ಫೆಬ್ರವರಿ. ಬಂಗಾಳದಿಂದ ಬಂದಿದ್ದ ಮುದಿ ಜನರಲ್ ಐರ್ ಕೂಟ್ ತನ್ನ ಸೈನ್ಯದ ಜೊತೆ ಕಡಲೂರಿನಲ್ಲಿ ಸಿಕ್ಕಾಕ್ಕೊಂಡಿದಾನೆ. ನೆಲದ ಕಡೆ ಎಲ್ಲ ಹೈದರಾಲಿಯ ಕುದುರೆ ಪಡೆ, ಅಕ್ಕಿ ಇಲ್ಲ, ಏನಿದ್ರೂ ಸಮುದ್ರದಿಂದಲೇ ಬರಬೇಕು. ಆ ಸಮುದ್ರದ ಮೇಲೆ ಫ್ರೆಂಚ್ ನೌಕಾಪಡೆ ನಿಂತಿದೆ! ದೋರ್ವ್ ಅನ್ನೋನು ಅದರ ಮುಖ್ಯಸ್ಥ. ಬ್ರಿಟಿಷ್ ಹಡಗುಗಳೆಲ್ಲ ಆಗ ಪಶ್ಚಿಮ ಕರಾವಳೀಲಿ, ಡಿಸೆಂಬರಲ್ಲಿ ಮಂಗಳೂರು ಬಂದರಲ್ಲಿದ್ದ ಹೈದರಾಲಿಯ ಹಡಗುಗಳನ್ನ ಸುಟ್ಟು ಆ ಕಡೇನೇ ಇದ್ವು. ಕೆಲವು ವಾರ ನಿಂತ್ಕೊಳ್ಳಿ, ಕೂಟ್ ಹಸಿವಿಂದ ಶರಣಾಗ್ತಾನೆ ಅಂತ ಹೈದರಾಲಿ ಕೇಳ್ಕೊಂಡ. ದೋರ್ವ್ ನಿಲ್ಲಲಿಲ್ಲ. ಲಂಗರು ಎತ್ತಿ ಮಾರಿಷಸ್ ದ್ವೀಪಕ್ಕೆ ವಾಪಸ್ ಹೋಗಿಬಿಟ್ಟ. ಕೂಟ್‌ಗೆ ಮತ್ತೆ ಅಕ್ಕಿ ಬಂತು, ಜುಲೈ 1ಕ್ಕೆ ಪೋರ್ಟೊ ನೋವೋದಲ್ಲಿ ಅವನೇ ಹೈದರಾಲಿಯನ್ನ ಸೋಲಿಸಿದ.

ಅದೇ ವರ್ಷ, ಏಳು ತಿಂಗಳು ಬಿಟ್ಟು, ಸೆಪ್ಟೆಂಬರ್. ಅಮೆರಿಕದ ಕರಾವಳೀಲಿ ಯಾರ್ಕ್‌ಟೌನ್. ಬ್ರಿಟಿಷ್ ಜನರಲ್ ಕಾರ್ನ್‌ವಾಲಿಸ್ ಸಮುದ್ರಕ್ಕೆ ಬೆನ್ನು ಕೊಟ್ಟು ಕೂತಿದಾನೆ, ಹಡಗು ಬರುತ್ತೆ ಅಂತ. ಅಲ್ಲೂ ಫ್ರೆಂಚ್ ನೌಕಾಪಡೆ ಬಂತು, ದ ಗ್ರಾಸ್ ಅನ್ನೋನದ್ದು. ಅವನು ನಿಂತ. ಸೆಪ್ಟೆಂಬರ್ 5ಕ್ಕೆ ಬ್ರಿಟಿಷ್ ಹಡಗುಗಳ ಜೊತೆ ಕಾದಾಡಿ ಅವರನ್ನ ಹಿಂದಕ್ಕೆ ಕಳಿಸಿ ಕೊಲ್ಲಿಯ ಬಾಯಿ ಮುಚ್ಚಿದ. ನೆಲದ ಕಡೆಯಿಂದ ವಾಷಿಂಗ್ಟನ್, ಜೊತೆಗೆ ಫ್ರೆಂಚ್ ಜನರಲ್ ರೋಷಾಂಬೋ. ಮುತ್ತಿಗೆ ಹಾಕಿದ ಸೈನ್ಯದಲ್ಲಿ ಹತ್ತಿರ ಹತ್ತಿರ ಅರ್ಧ ಫ್ರೆಂಚರೇ. ಅಕ್ಟೋಬರ್ 19ಕ್ಕೆ ಕಾರ್ನ್‌ವಾಲಿಸ್ ಸೈನ್ಯ ಶರಣಾಯ್ತು.

ಎರಡು ಕಡಲತೀರ, ಎರಡೂ ಕಡೆ ಹಡಗಿಗೆ ಕಾಯ್ತಿದ್ದ ಬ್ರಿಟಿಷ್ ಸೈನ್ಯ, ಎರಡೂ ಕಡೆ ಅದೇ ಫ್ರೆಂಚರು. ಒಬ್ಬ ನಿಂತ, ಒಬ್ಬ ಹೋದ. ವಾಷಿಂಗ್ಟನ್‌ಗಿಂತ ಹೈದರಾಲಿ ಕಮ್ಮಿ ದಂಡನಾಯಕ ಅಂತ ನನಗೆ ಅನ್ನಿಸಲ್ಲ, ಮೈದಾನದಲ್ಲಿ ಗೆದ್ದ ಲೆಕ್ಕ ತೆಗೆದ್ರೆ ಹೈದರಾಲಿಯೇ ಮುಂದೆ. ಅಮೆರಿಕದಲ್ಲೂ ಅವನ ಹೆಸರು ಗೊತ್ತಿತ್ತು, 1782ರಲ್ಲಿ ಪೆನ್ಸಿಲ್ವೇನಿಯಾದವರು ಒಂದು ಯುದ್ಧದ ಹಡಗಿಗೆ ಹೈದರಾಲಿ ಅಂತಲೇ ಹೆಸರಿಟ್ಟಿದ್ರು, ಅದು ಡೆಲವೇರ್ ಕೊಲ್ಲೀಲಿ ತನಗಿಂತ ದೊಡ್ಡ ಬ್ರಿಟಿಷ್ ಹಡಗೊಂದನ್ನ ಹಿಡೀತು.

ಇಲ್ಲಿ ಒಂದು ಮಾತು ಹೇಳಲೇಬೇಕು, ಮಲೆನಾಡಲ್ಲಿ ನಿಂತು ಹೇಳದೇ ಹೋದ್ರೆ ತಪ್ಪಾಗುತ್ತೆ. ಹೈದರಾಲಿ ಯುದ್ಧವನ್ನ ನಾನು ಅಮೆರಿಕದ ಥರದ ಸ್ವಾತಂತ್ರ್ಯ ಯುದ್ಧ ಅಂತ ಕರೀತಿಲ್ಲ. ಅವನು ತನ್ನ ರಾಜ್ಯಕ್ಕೆ ಹೋರಾಡಿದ. ನಮ್ಮ ಕೆಳದಿ ಸೀಮೆಗೆ ಅವನೇ ಹೊರಗಿಂದ ಬಂದವನು, 1763ರಲ್ಲಿ ರಾಣಿ ವೀರಮ್ಮಾಜಿಯಿಂದ ಬಿದನೂರು ಕಿತ್ಕೊಂಡು ಹೈದರ್‌ನಗರ ಅಂತ ಹೆಸರಿಟ್ಟ, ಈಗಿನ ನಗರ ಅನ್ನೋ ಹೆಸರು ಅದರ ಬಾಲ. ಶಿವಪ್ಪ ನಾಯಕ ಆಳಿದ ಊರಿನ ಜನಕ್ಕೆ ಆ ನೋವು ಇತ್ತು, ಅದನ್ನ ಮರೆಸಿ ಕಥೆ ಹೇಳೋಕೆ ನನಗೆ ಇಷ್ಟ ಇಲ್ಲ.

1782ರ ಡಿಸೆಂಬರ್ 7ಕ್ಕೆ ಹೈದರಾಲಿ ತೀರ್ಕೊಂಡ. ಇದೇ ಟೈಮು ಅಂತ ಬೊಂಬಾಯಿಯಿಂದ ಬಂದ ಜನರಲ್ ಮ್ಯಾಥ್ಯೂಸ್ ಹೊನ್ನಾವರ, ಕುಂದಾಪುರ ಹಿಡಿದು, ಹೊಸಂಗಡಿ ಕಡೆಯಿಂದ ಘಟ್ಟ ಹತ್ತಿದ. ನಾವು ಮೊದಲು ಮರ ಬಿದ್ದ ಮಾತಾಡಿದ್ವಲ್ಲ, ಅದೇ ಘಟ್ಟ. ದಾರಿಯುದ್ದಕ್ಕೂ ಕಾವಲು ಕಟ್ಟೆಗಳಿದ್ವು, ಕಾದಾಡಿ ಹತ್ತಿದ್ರು. 1783ರ ಜನವರಿ ಕೊನೇಲಿ ನಗರದ ಕೋಟೆ ಅವನ ಕೈಗೆ ಬಂತು, ಮುತ್ತಿಗೆ ಹಾಕಿ ಅಲ್ಲ, ಅಲ್ಲಿನ ಅಧಿಕಾರಿ ಅಯಾಜ್ ಖಾನ್‌ಗೂ ಟಿಪ್ಪುಗೂ ಆಗ್ತಿರಲಿಲ್ಲ, ಅವನೇ ಬಿಟ್ಟುಕೊಟ್ಟ. ಆಗ ಅನಂತಪುರ ಅಂತಿದ್ದ ನಮ್ಮ ಆನಂದಪುರದ ಕೋಟೆ ಮೇಲೂ ದಾಳಿ ಆಯ್ತು. ಕೆಲವೇ ತಿಂಗಳು. ಟಿಪ್ಪು ಆರ್ಕಾಟ್ ಸೀಮೆ ಬಿಟ್ಟು ದೊಡ್ಡ ಸೈನ್ಯದ ಜೊತೆ ಬಂದು ಘಟ್ಟದ ದಾರಿ ಕಟ್ ಮಾಡಿ ಕೂತ, ಕೆಳಗಿಂದ ಮದ್ದಿಲ್ಲ ದಿನಸಿ ಇಲ್ಲ, ಏಪ್ರಿಲ್ ಕೊನೆ ಹೊತ್ತಿಗೆ ಮ್ಯಾಥ್ಯೂಸ್ ಶರಣಾದ, ಆಮೇಲೆ ಸೆರೇಲೇ ಸತ್ತ. ಕಾಡು, ಘಟ್ಟ, ಕಟ್ ಆದ ದಾರಿ, ಹಸಿವು. ಬರ್ಗಾಯ್ನ್ ಕಥೆ ಹೊಸನಗರ ತಾಲೂಕಲ್ಲಿ ಇನ್ನೊಂದು ಸಲ ನಡೆದ ಹಾಗೆ ನನಗೆ ಕಾಣುತ್ತೆ.

ಆದ್ರೆ ಮುಂದಿನದು ಬೇರೆ. ಟಿಪ್ಪು ಅಲ್ಲಿಂದ ಇಳಿದು ಮಂಗಳೂರಿಗೆ ಮುತ್ತಿಗೆ ಹಾಕಿದ, ಜೊತೇಲಿ ಫ್ರೆಂಚ್ ತುಕಡಿ ಇತ್ತು. ಮುತ್ತಿಗೆ ಮಧ್ಯೆ ಯುರೋಪಿಂದ ಸುದ್ದಿ ಬಂತು, ಫ್ರಾನ್ಸಿಗೂ ಬ್ರಿಟನ್ನಿಗೂ ರಾಜಿ ಆಗಿದೆ ಅಂತ. ಫ್ರೆಂಚರು ನಮ್ಮ ಯುದ್ಧ ಮುಗೀತು ಅಂತ ಹೇಳಿ ಪಕ್ಕಕ್ಕೆ ಸರಿದ್ರು. ಟಿಪ್ಪು ಒಬ್ಬನೇ ಮುಂದುವರಿಸಿ 1784ರ ಜನವರೀಲಿ ಕೋಟೆ ತೊಗೊಂಡ, ಮಾರ್ಚ್ 11ಕ್ಕೆ ಮಂಗಳೂರು ಒಪ್ಪಂದ ಆಯ್ತು, ಗೆದ್ದ ಜಾಗ ಇಬ್ಬರೂ ವಾಪಸ್ ಕೊಡೋದು ಅಂತ. 1783ರ ಸೆಪ್ಟೆಂಬರ್ 3ಕ್ಕೆ ಅಮೆರಿಕಕ್ಕೆ ಸ್ವಾತಂತ್ರ್ಯದ ಕಾಗದ ಸಿಕ್ತು, ಅದೇ ಸಂಧಾನದಲ್ಲಿ ಟಿಪ್ಪು ಮಿತ್ರರನ್ನ ಕಳಕೊಂಡ. ಯಾರ್ಕ್‌ಟೌನಲ್ಲಿ ಸೋತ ಕಾರ್ನ್‌ವಾಲಿಸ್ 1786ಕ್ಕೆ ಗವರ್ನರ್ ಜನರಲ್ ಆಗಿ ಇಂಡಿಯಾಕ್ಕೆ ಬಂದ, 1792ರಲ್ಲಿ ಶ್ರೀರಂಗಪಟ್ಟಣದ ಮುಂದೆ ನಿಂತು ಅರ್ಧ ರಾಜ್ಯ ಬರೆಸ್ಕೊಂಡ, ಟಿಪ್ಪುವಿನ ಇಬ್ಬರು ಮಕ್ಕಳನ್ನ ಒತ್ತೆಯಾಗಿ ಕರ್ಕೊಂಡು ಹೋದ. ಆಗ ಟಿಪ್ಪು ಪರವಾಗಿ ಸಮುದ್ರದ ಮೇಲೆ ಯಾರೂ ಇರಲಿಲ್ಲ.

ನನ್ನ ಮಾತು ಇಲ್ಲಿಗೆ ಮುಗೀತು. ಆಮೇಲೆ ಪ್ರಶ್ನೆಗಳು ಬಂದ್ವು, ಹೆಚ್ಚಿನವು ಟಿಪ್ಪು ಬಗ್ಗೆ. ಕೊನೇಲಿ ಹಿಂದಿನ ಸಾಲಿಂದ ಕಾಲೇಜು ಓದೋ ಹುಡುಗಿ ಒಬ್ಬಳು ಎದ್ದು, ಶಿಕಾರಿಪುರದ ಕಡೆಯವಳಂತೆ, ಕೇಳಿದ್ಲು: "ಸಾರ್, ನೋಡ್ತಾ ನಿಂತವನು ಒಳಗೆ ಬಂದ್ರೆ ಮಾತ್ರ ಯುದ್ಧ ತಿರುಗುತ್ತೆ ಅಂದ್ರಿ. ಹಂಗಾದ್ರೆ 1942ರಲ್ಲಿ ನಮ್ಮ ಈಸೂರನ್ನ ಯಾರು ನೋಡ್ತಾ ನಿಂತಿದ್ರು?"

ಸಭೆ ಸುಮ್ಮನಾಯ್ತು. ನಾನೂ ಸ್ವಲ್ಪ ಹೊತ್ತು ಸುಮ್ಮನಿದ್ದೆ. ಆಮೇಲೆ ಗೊತ್ತಿದ್ದದ್ದನ್ನ ಹೇಳಿದೆ. ಏಸೂರು ಕೊಟ್ಟರೂ ಈಸೂರು ಕೊಡೆವು ಅಂದ ಊರಮ್ಮಾ ಅದು, ವೀರಭದ್ರನ ಗುಡಿ ಮೇಲೆ ಬಾವುಟ ಹಾರಿಸಿ, ಊರಿನ ಹುಡುಗರನ್ನೇ ಅಮಲ್ದಾರ, ಸಬ್ ಇನ್ಸ್‌ಪೆಕ್ಟರ್ ಅಂತ ಮಾಡಿ ತಮ್ಮದೇ ಸರ್ಕಾರ ಮಾಡ್ಕೊಂಡ್ರು. ಗಲಾಟೇಲಿ ಇಬ್ಬರು ಅಧಿಕಾರಿಗಳು ಸತ್ರು, ಆಮೇಲೆ ಪಡೆ ಬಂತು, ಮನೆಗಳು ಹಾಳಾದ್ವು, ಜನ ಕಾಡು ಸೇರಿದ್ರು. ಯಾವ ನೌಕಾಪಡೇನೂ ಬರ್ಲಿಲ್ಲ, ಯಾವ ದೇಶದ ಮಂತ್ರೀನೂ ಒಪ್ಪಂದಕ್ಕೆ ಸಹಿ ಹಾಕ್ಲಿಲ್ಲ. ಈಸೂರನ್ನ ನೋಡ್ತಾ ಇದ್ದಿದ್ದು ಸುತ್ತಮುತ್ತಲ ಊರು, ಪೂರಾ ಮೈಸೂರು ಸಂಸ್ಥಾನ. ನೋಡ್ತಾ ನಿಂತವರು ಅಂತ ನಾನು ಸಂಜೆಯಿಡೀ ರಾಜರು ಮಂತ್ರಿಗಳ ಲೆಕ್ಕಾನೇ ಹಾಕಿದ್ದೆ, ನೀನು ಊರಿನ ಲೆಕ್ಕ ಕೇಳ್ತಿದೀಯ, ಅದು ನನ್ನ ಮಾತಲ್ಲಿ ಬರಬೇಕಿತ್ತು ಅಂದೆ.

ಅವಳು ಕೂರಲಿಲ್ಲ. "ಗಲ್ಲಿಗೆ ಹಾಕಿದವರ ಹೆಸರು ಹೇಳಿ ಸಾರ್" ಅಂದ್ಲು. 1943ರ ಮಾರ್ಚಲ್ಲಿ ಗಲ್ಲಿಗೇರಿದವರು ಐದು ಜನ. ಗುರಪ್ಪ, ಜಿನಹಳ್ಳಿ ಮಲ್ಲಪ್ಪ, ಸೂರ್ಯನಾರಾಯಣಾಚಾರ್ ಅಂತ ನಾನು ಶುರು ಮಾಡಿದೆ, ಬಡಕಳ್ಳಿ ಹಾಲಪ್ಪ, ಗೌಡ್ರು ಶಂಕರಪ್ಪ ಅಂತ ಉಳಿದಿಬ್ಬರನ್ನ ಸಭೇಲಿದ್ದ ಹಿರಿಯರೇ ನನಗಿಂತ ಮುಂಚೆ ಹೇಳಿದ್ರು.